ವ್ಯೋಮದ ವೆಚ್ಚವೂ ಎರೆನಾಡಿನ ಪ್ರಶ್ನೆಯೂ

ಕನ್ನಡದಲ್ಲಿ ಗ್ರಹನಕ್ಷತ್ರಗಳ ಶಾಸ್ತ್ರವನ್ನು ಮೊತ್ತಮೊದಲು ಗ್ರಂಥರೂಪಕ್ಕೆ ತಂದವನು ಶ್ರೀಧರಾಚಾರ್ಯ. ಚಾಲುಕ್ಯ ಆಹವಮಲ್ಲ ಸೋಮೇಶ್ವರನ ಆಳ್ವಿಕೆಯಲ್ಲಿ, ಕ್ರಿ. ಶ. ೧೦೪೯ರಲ್ಲಿ, ಅವನು 'ಜಾತಕತಿಲಕ'ವನ್ನು ರಚಿಸಿದನು. ಅವನ ಊರು ಬೆಳ್ವಲನಾಡಿನ ನರಿಗುಂದ. ಅದೇ ಇಂದಿನ ನರಗುಂದ. ಅವನು ಬರೆದುದು ಫಲಜ್ಯೋತಿಷವೇ ಹೊರತು ಖಗೋಲವಿಜ್ಞಾನವಲ್ಲವೆಂದು ಈಗಿನ ತರುಣರು ಮೂಗು ಮುರಿಯಬಹುದು, ಮುರಿಯಲಿ. ಆಕಾಶದ ಲೆಕ್ಕವನ್ನು ಕನ್ನಡಿಗನ ಕೈಗೆ ಕನ್ನಡದಲ್ಲಿಯೇ ಕೊಡಬೇಕೆಂಬ ಹಂಬಲವು ಹತ್ತಿರಹತ್ತಿರ ಸಾವಿರ ವರುಷಗಳ ಹಿಂದೆ ಈ ಮಣ್ಣಿನಲ್ಲಿ ಹುಟ್ಟಿತ್ತೆಂಬುದು ಮಾತ್ರ ಸುಳ್ಳಾಗದು.

ಆ ಹಂಬಲಕ್ಕೆ ಕಾರಣವೂ ಉಂಟು. ರೋಣ, ನರಗುಂದ, ಗಜೇಂದ್ರಗಡಗಳ ಸೀಮೆ ಎರೆಯ ಸೀಮೆ. ಇಲ್ಲಿ ಹೊಲದ ಹದವು ಮಳೆಯ ಕೈಯಲ್ಲಿದೆ. ಮಳೆಯ ಹೆಸರುಗಳೆಲ್ಲವೂ ನಕ್ಷತ್ರಗಳ ಹೆಸರುಗಳು. ರೋಹಿಣಿ ಸುರಿಯಿತೇ, ಮಿರಗ ಕೂಡಿತೇ, ಮಘೆ ಮುನಿಯಿತೇ, ಹಿಂಗಾರಿನ ಜೋಳ ಕಡಲೆಗಳಿಗೆ ಹಸ್ತ ಚಿತ್ತೆಗಳು ಆದಾವೇ ಎಂದು ಮೇಲೆ ನೋಡದೆ ಕೂರಿಗೆ ಹೂಡಿದ ಒಕ್ಕಲಿಗನು ಈ ಸೀಮೆಯಲ್ಲಿ ಎಂದೂ ಇರಲಿಲ್ಲ. ಆದುದರಿಂದ ಇಲ್ಲಿಯ ರೈತನು ಊರ ಕಟ್ಟೆಯ ಮೇಲೆ ಕುಳಿತು, 'ಕುಡಿಯಲು ನೀರಿಲ್ಲದ ನಾಡಿಗೆ ಈ ಬಾಣಬಿರುಸು ಏತಕ್ಕೆ?' ಎಂದು ಕೇಳಿದರೆ ಅವನು ಆಕಾಶದ ವೈರಿಯೆಂದು ತಿಳಿಯಬಾರದು. ಅವನು ಕೇಳುತ್ತಿರುವುದು ಖರ್ಚಿನ ಲೆಕ್ಕವನ್ನು. ಆ ಪ್ರಶ್ನೆಯನ್ನು ಅಜ್ಞಾನವೆಂದು ತಳ್ಳಿಹಾಕುವ ವಿದ್ಯಾವಂತರೂ, ಅದನ್ನೇ ಎತ್ತಿಕೊಂಡು ಎದುರಾಳಿಯ ತಲೆಗೆ ಬಡಿಯುವ ರಾಜಕಾರಣಿಗಳೂ ಈ ದೇಶದಲ್ಲಿ ಐವತ್ತು ವರುಷಗಳಿಂದ ಇದ್ದಾರೆ. ಇಬ್ಬರೂ ಆ ರೈತನಿಗೆ ಅನ್ಯಾಯ ಮಾಡಿದವರೇ.

ಭಾರತದ ಮೊದಲ ಉಪಗ್ರಹ ಆರ್ಯಭಟವು ಕಟ್ಟಲ್ಪಟ್ಟುದು ಬೆಂಗಳೂರಿನ ಪೀಣ್ಯದ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ. ಕಟ್ಟಿದ ತಂಡದ ನಾಯಕರು ಉಡುಪಿಯ ಬಳಿಯ ಅದಮಾರಿನ ಯು. ಆರ್. ರಾವ್ ಅವರು. ಬೆಂಗಳೂರಿನಲ್ಲಿ ಸಂಕೇತಗಳನ್ನು ಪಡೆಯುವ ಕೇಂದ್ರಕ್ಕೆ ಬೇರೆ ಸ್ಥಳ ದೊರೆಯದೆ ಒಂದು ಶೌಚಾಲಯವನ್ನೇ ಆ ಕೆಲಸಕ್ಕೆ ಅಣಿಗೊಳಿಸಿದರೆಂಬುದನ್ನು ಅವರೇ ಮುಂದೆ ಹೇಳಿಕೊಂಡಿದ್ದಾರೆ. ೧೯೭೫ರ ಏಪ್ರಿಲ್ ೧೯ರಂದು ಸೋವಿಯತ್ ರಾಕೆಟ್ಟಿನ ಮೇಲೇರಿ ಹೋದ ಆ ೩೬೦ ಕಿಲೋಗ್ರಾಂ ತೂಕದ ಗೋಲದಲ್ಲಿ ಐದನೆಯ ದಿನಕ್ಕೆ ವಿದ್ಯುತ್ತಿನ ದೋಷ ಕಾಣಿಸಿಕೊಂಡು ಅದರೊಳಗಿನ ವೈಜ್ಞಾನಿಕ ಪ್ರಯೋಗಗಳು ನಿಂತುಹೋದವು. ಹೀಗೆ ಈ ಸಾಹಸಕ್ಕೆ ಕುಂದು ಹುಟ್ಟಿನಿಂದಲೇ ಬಂದಿತ್ತು. ಆದರೆ ಉಪಗ್ರಹದ ಚಿತ್ರವು ಎರಡು ರೂಪಾಯಿಯ ನೋಟಿನ ಬೆನ್ನ ಮೇಲೆ ಅಚ್ಚಾಯಿತು. ಗಜೇಂದ್ರಗಡದ ಸಂತೆಯಲ್ಲಿ ಉಳ್ಳಾಗಡ್ಡಿ ಕೊಂಡವನೂ ಮಾರಿದವನೂ ಆರ್ಯಭಟವನ್ನು ಕೈಯಿಂದ ಕೈಗೆ ದಾಟಿಸಿದರು. ಅದು ಏನೆಂದು ಕೇಳಿದವರಿಗೆ ಉತ್ತರ ಹೇಳುವವರು ಮಾತ್ರ ಸಂತೆಯಲ್ಲಿ ಇರಲಿಲ್ಲ.

ಉತ್ತರ ಬಂದುದು ನೆರೆಮನೆಗೆ. ೧೯೭೫ರ ಆಗಸ್ಟ್ ೧ರಿಂದ ಒಂದು ವರುಷ ಕಾಲ ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ದೂರದರ್ಶನವನ್ನು ಮುಟ್ಟಿಸುವ ಪ್ರಯೋಗ ನಡೆಯಿತು. ಬೇಸಾಯ, ಆರೋಗ್ಯ, ಮಕ್ಕಳ ಪಾಠ ಇವು ಅದರ ವಿಷಯಗಳು. ಕರ್ನಾಟಕದಲ್ಲಿ ಆಯ್ದ ಜಿಲ್ಲೆಗಳು ಗುಲ್ಬರ್ಗ, ರಾಯಚೂರು, ವಿಜಾಪುರ. ಗಜೇಂದ್ರಗಡದಿಂದ ಮೂಡಲಿಗೆ ಹೊರಟರೆ ಅಂದಿನ ರಾಯಚೂರು ಜಿಲ್ಲೆ, ರೋಣದಿಂದ ಬಡಗಲಿಗೆ ಹೊರಟರೆ ಅಂದಿನ ವಿಜಾಪುರ ಜಿಲ್ಲೆ. ನಡುವಿನ ರೋಣ ನರಗುಂದಗಳು ಆಗ ಧಾರವಾಡ ಜಿಲ್ಲೆಯವಾದುದರಿಂದ ಪಟ್ಟಿಯೊಳಗೆ ಬರಲಿಲ್ಲ. ಆಡಳಿತದ ಗೆರೆಯೊಂದು ಆಕಾಶವನ್ನೂ ಹೋಳು ಮಾಡಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಇನ್ನು ಸ್ವದೇಶದ ರಾಕೆಟ್ಟಿನ ಮಾತು. ೧೯೭೯ರ ಆಗಸ್ಟ್ ೧೦ರಂದು ಶ್ರೀಹರಿಕೋಟೆಯಿಂದ ಹಾರಿದ ಎಸ್‌ಎಲ್‌ವಿ-೩ ಐದು ನಿಮಿಷಗಳಷ್ಟು ಹಾರಿ ಬಂಗಾಳಕೊಲ್ಲಿಯಲ್ಲಿ ಬಿದ್ದಿತು. ಆ ದಿನ ದೇಶದ ಪ್ರಧಾನಿಯಾಗಿದ್ದವರು ರೈತರ ನಾಯಕರೆಂದು ಹೆಸರಾದ ಚೌಧರಿ ಚರಣಸಿಂಗರು. ವ್ಯೋಮ ಸಂಸ್ಥೆಯ ಅಧ್ಯಕ್ಷರಾಗಿದ್ದ ಸತೀಶ್ ಧವನರು ಅಂದು ಯೋಜನೆಯ ನಿರ್ದೇಶಕರಾಗಿದ್ದ ಅಬ್ದುಲ್ ಕಲಾಮರನ್ನು ಮುಂದೆ ದೂಡಲಿಲ್ಲ. ತಾವೇ ಪತ್ರಕರ್ತರ ಎದುರು ಕುಳಿತು ಸೋಲಿನ ಹೊಣೆಯನ್ನು ಹೊತ್ತರು. ಮರುವರುಷ ೧೯೮೦ರ ಜುಲೈ ೧೮ರ ಶುಕ್ರವಾರ ಬೆಳಗ್ಗೆ ಅದೇ ಬಗೆಯ ರಾಕೆಟ್ಟು ೩೫ ಕಿಲೋಗ್ರಾಂ ತೂಕದ ಉಪಗ್ರಹವನ್ನು ಕಕ್ಷೆಯಲ್ಲಿ ನಿಲ್ಲಿಸಿದಾಗ ಗೆಲುವಿನ ಮಾತನ್ನಾಡಲು ಕಲಾಮರನ್ನೇ ಮುಂದಕ್ಕೆ ಕಳಿಸಿದರು. ಉಪಗ್ರಹದ ಹೆಸರು ರೋಹಿಣಿ. ಮಳೆಯ ನಕ್ಷತ್ರದ ಹೆಸರು.

ಆ ಶುಕ್ರವಾರ ಕಳೆದು ಸೋಮವಾರ ಬಂದಿತು. ಜುಲೈ ೨೧. ಮಲಪ್ರಭೆಗೆ ನವಿಲುತೀರ್ಥದಲ್ಲಿ ಕಟ್ಟಿದ ಅಣೆಕಟ್ಟಿನಿಂದ ಭೂಮಿಯ ಬೆಲೆ ಏರಿತೆಂದು ಸರಕಾರವು ಅಚ್ಚುಕಟ್ಟಿನ ರೈತರ ಮೇಲೆ ಅಭಿವೃದ್ಧಿ ಕರವನ್ನು ಹೇರಿತ್ತು. ನೀರು ಸರಿಯಾಗಿ ಬಾರದ ಹೊಲಕ್ಕೂ ಕರ ಬಂದಿತ್ತು. ಅದನ್ನು ವಿರೋಧಿಸಿ ಎದ್ದ ರೈತರ ಮೇಲೆ ನರಗುಂದದಲ್ಲಿಯೂ ನವಲಗುಂದದಲ್ಲಿಯೂ ಅಂದು ಗುಂಡು ಹಾರಿತು. ರೈತರು ಪ್ರಾಣ ಬಿಟ್ಟರು. ಉದ್ರೇಕಗೊಂಡ ಜನರ ಕೈಯಲ್ಲಿ ಪೊಲೀಸರೂ ಸತ್ತರು. ಕರ್ನಾಟಕದ ರೈತ ಚಳವಳಿಗೆ ಆ ದಿನವೇ ಹುಟ್ಟುದಿನವಾಯಿತು. ಇಂದಿಗೂ ಪ್ರತಿವರುಷ ಜುಲೈ ೨೧ರಂದು ನರಗುಂದದಲ್ಲಿ ಜನ ಸೇರಿ ಸತ್ತವರನ್ನು ನೆನೆಯುತ್ತಾರೆ. ಒಂದೇ ವಾರದ ಪತ್ರಿಕೆಗಳನ್ನು ಬಿಡಿಸಿ ನೋಡಿದವನಿಗೆ ಒಂದು ಹಾಳೆಯಲ್ಲಿ ರೋಹಿಣಿಯ ಗೆಲುವು, ಇನ್ನೊಂದು ಹಾಳೆಯಲ್ಲಿ ನರಗುಂದದ ನೆತ್ತರು.

ಈ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು, 'ನೋಡಿದಿರಾ, ಅತ್ತ ರಾಕೆಟ್ಟು, ಇತ್ತ ಗುಂಡು' ಎಂದು ಭಾಷಣ ಮಾಡುವುದು ಬಹಳ ಸುಲಭ. ಎಷ್ಟೋ ಮಂದಿ ಮಾಡಿದ್ದಾರೆ. ಆದರೆ ನರಗುಂದದ ರೈತರು ಅಂದು ಕೇಳಿದುದು ಏನನ್ನು? ಕಾಲುವೆಯೇ ಬೇಡವೆಂದು ಅವರು ಹೇಳಲಿಲ್ಲ. ಅಣೆಕಟ್ಟನ್ನು ಒಡೆಯಿರಿ ಎನ್ನಲಿಲ್ಲ. ತಮ್ಮ ಹೊಲಕ್ಕೆ ಮುಟ್ಟದ ನೀರಿಗೆ ತಮ್ಮಿಂದ ಹಣ ಕೇಳುವುದು ಯಾವ ನ್ಯಾಯವೆಂದು ಕೇಳಿದರು. ವ್ಯೋಮದ ವೆಚ್ಚಕ್ಕೂ ಹಾಕಬೇಕಾದ ಅಳತೆಗೋಲು ಇದೇ. ರಾಕೆಟ್ಟು ಬೇಕೇ ಬೇಡವೇ ಎಂಬುದು ವಾದಕ್ಕೆ ರುಚಿಯಾದ ವಿಷಯವೇ ಹೊರತು ಹೊಲಕ್ಕೆ ಪ್ರಯೋಜನದ ವಿಷಯವಲ್ಲ. ಕೊಟ್ಟ ಹಣದ ಫಲ ಕೊಟ್ಟವನ ಹೊಲದ ತನಕ ಬಂದಿತೇ ಎಂಬುದೇ ತಕ್ಕ ಪ್ರಶ್ನೆ. ಲೆಕ್ಕ ಕೇಳುವುದು ಬೇರೆ, ಹಂಗಿಸುವುದು ಬೇರೆ.

ಹಂಗಿಸುವ ಮಾತು ಜೋರಾದುದು ಅದೇ ದಶಕದ ಕೊನೆಗೆ. ೧೯೮೨ರಲ್ಲಿ ಕಳಿಸಿದ ಇನ್ಸಾಟ್-೧ಎ ಕೆಲವೇ ತಿಂಗಳುಗಳಲ್ಲಿ ಇಂಧನ ತೀರಿ ನಿರುಪಯೋಗಿಯಾಯಿತು. ೧೯೮೭ರ ಮಾರ್ಚ್ ೨೪ರಂದು ಎಎಸ್‌ಎಲ್‌ವಿ ಎಂಬ ಹೊಸ ರಾಕೆಟ್ಟು ಕಡಲ ಪಾಲಾಯಿತು. ೧೯೮೮ರ ಜುಲೈ ೧೩ರಂದು ಅದರ ಎರಡನೆಯದೂ ಅದೇ ದಾರಿ ಹಿಡಿಯಿತು. ೧೯೮೭ ದೇಶಕ್ಕೆ ದೇಶವೇ ಬೆಂದ ಬರದ ವರುಷ. ರಾಕೆಟ್ಟಿನ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಗೆ 'ಸದಾ ಸಮುದ್ರಪ್ರಿಯ ವಾಹನ' ಎಂಬ ಕುಚೋದ್ಯದ ಅರ್ಥವನ್ನು ಹಚ್ಚಿದವರೂ ಉಂಟು. ಆಗ ಸಂಸ್ಥೆಯ ಅಧ್ಯಕ್ಷರು ಅದೇ ಯು. ಆರ್. ರಾವ್. ಅವರು ತಪ್ಪನ್ನು ಮುಚ್ಚಲಿಲ್ಲ, ಆತುರವನ್ನೂ ಪಡಲಿಲ್ಲ. ಮೊದಲನೆಯದರಲ್ಲಿ ಒಂದು ಹಂತ ಹೊತ್ತಿಕೊಳ್ಳಲಿಲ್ಲವೇಕೆ, ಎರಡನೆಯದು ಗಾಳಿಯ ಒತ್ತಡಕ್ಕೆ ಮುರಿಯಿತೇಕೆ ಎಂದು ಶೋಧಿಸಿ, ತಿದ್ದಿ, ನಾಲ್ಕು ವರುಷ ಕಾಯ್ದು, ೧೯೯೨ರ ಮೇ ೨೦ರಂದು ಮೂರನೆಯದನ್ನು ಹಾರಿಸಿದರು. ಅದು ಹಾರಿತು. ಮುಂದೆ ದೇಶದ ದುಡಿಮೆಯ ಎತ್ತೆನಿಸಿದ ಪಿಎಸ್‌ಎಲ್‌ವಿ ಕೂಡ ೧೯೯೩ರ ಸೆಪ್ಟೆಂಬರಿನಲ್ಲಿ ಮೊದಲ ಸಲ ಬಿದ್ದೇ ಆ ಬಳಿಕ ಎದ್ದಿತು. ೧೯೮೮ರ ನಗೆಚಾಟಿಕೆಗೆ ಬೆದರಿ ದಿಲ್ಲಿಯವರು ಹಣದ ಚೀಲದ ಬಾಯಿಗೆ ದಾರ ಬಿಗಿದಿದ್ದರೆ ಅದುವರೆಗೆ ಖರ್ಚಾದುದೆಲ್ಲವೂ ನಿಜವಾಗಿ ಸಮುದ್ರಪಾಲಾಗುತ್ತಿತ್ತು. ಮೊಳೆತ ಬೆಳೆಯನ್ನು ಅರ್ಧಕ್ಕೆ ಹರಗಿದವನಿಗೆ ಬೀಜವೂ ಇಲ್ಲ, ಬೆಳೆಯೂ ಇಲ್ಲ.

ಈ ಪ್ರಶ್ನೆ ಬಡದೇಶಕ್ಕೆ ಮಾತ್ರ ಮೀಸಲಾದುದೆಂದು ತಿಳಿಯುವುದೂ ತಪ್ಪು. ೧೯೬೯ರ ಜುಲೈನಲ್ಲಿ ಮನುಷ್ಯನು ಚಂದ್ರನತ್ತ ಹೊರಡುವ ಮುನ್ನಾದಿನ, ಅಮೆರಿಕದ ಉಡಾವಣಾ ಕೇಂದ್ರದ ಹತ್ತಿರಕ್ಕೆ ರೆವರೆಂಡ್ ರಾಲ್ಫ್ ಅಬರ್ನಾಥಿಯವರು ಹೇಸರಗತ್ತೆಗಳನ್ನು ಹೂಡಿದ ಬಂಡಿಯೊಡನೆ ಬಡ ಕುಟುಂಬಗಳನ್ನು ಕರೆದುಕೊಂಡು ಬಂದರು. ಹಸಿದ ಮಕ್ಕಳ ಮಾತೇನೆಂದು ಕೇಳಿದರು. ಸಂಸ್ಥೆಯ ಮುಖ್ಯಸ್ಥರಾಗಿದ್ದ ಥಾಮಸ್ ಪೇನ್ ಅವರು ಬಯಲಿಗೆ ಬಂದು ಆ ಮಾತನ್ನು ನಿಂತು ಆಲಿಸಿದರು. ೧೯೬೬ರ ಸುಮಾರಿಗೆ ಅಮೆರಿಕವು ತನ್ನ ಒಕ್ಕೂಟ ಸರಕಾರದ ವೆಚ್ಚದಲ್ಲಿ ನೂರು ಡಾಲರಿಗೆ ನಾಲ್ಕು ಡಾಲರಿಗೂ ಮಿಕ್ಕಿ ಈ ಕೆಲಸಕ್ಕೆ ಸುರಿಯುತ್ತಿದ್ದಿತು. ಭಾರತದ ಕೇಂದ್ರ ಸರಕಾರವು ೨೦೨೫-೨೬ರ ಮುಂಗಡಪತ್ರದಲ್ಲಿ ವ್ಯೋಮ ಇಲಾಖೆಗೆ ತೆಗೆದಿಟ್ಟುದು ೧೩,೪೧೬ ಕೋಟಿ ರೂಪಾಯಿ. ನೂರು ರೂಪಾಯಿಗೆ ೨೬ ಪೈಸೆಯ ಆಸುಪಾಸು. ಮೊತ್ತ ಕೇಳಿದವನಿಗೆ ಎದೆ ಝಲ್ಲೆನ್ನುತ್ತದೆ, ಪಾಲು ಕೇಳಿದವನಿಗೆ ಇಷ್ಟೆಯೇ ಎನಿಸುತ್ತದೆ. ಬಂಡಿಯ ಮಾತು ಬಂದುದರಿಂದ ಇನ್ನೊಂದನ್ನು ಹೇಳಬಹುದು: ೧೯೮೧ರಲ್ಲಿ ಆಪಲ್ ಎಂಬ ಉಪಗ್ರಹವನ್ನು ಪರೀಕ್ಷಿಸಲು ಲೋಹದ ಸೋಂಕಿಲ್ಲದ ಪೀಠ ಬೇಕಾದಾಗ ಬೆಂಗಳೂರಿನ ವಿಜ್ಞಾನಿಗಳು ಅದನ್ನು ಎತ್ತಿನ ಬಂಡಿಯ ಮೇಲೆ ಇಟ್ಟರು. ಆ ಚಿತ್ರವನ್ನು ಕಂಡು ಹೊರದೇಶದವರು ನಕ್ಕಿದ್ದರೆ ನಗಲಿ. ಮಿತವ್ಯಯವೆಂಬುದು ಅಲ್ಲಿ ಪ್ರತ್ಯಕ್ಷವಾಗಿತ್ತು.

ಆದರೆ ರಾಜಕಾರಣದ ಒತ್ತಡಕ್ಕೆ ಇನ್ನೊಂದು ಮುಖವುಂಟು, ಅದನ್ನು ಜನ ಅಷ್ಟಾಗಿ ಗಮನಿಸುವುದಿಲ್ಲ. ಬಿದ್ದಾಗ ಬೈಯುವುದು ಮೊದಲನೆಯದಾದರೆ, ಏಳುವ ಮುನ್ನವೇ ಮುಹೂರ್ತವಿಟ್ಟು ಅವಸರಿಸುವುದು ಎರಡನೆಯದು. ೧೯೮೬ರ ಜನವರಿ ೨೮ರಂದು ಅಮೆರಿಕದ ಚಾಲೆಂಜರ್ ನೌಕೆ ಸಿಡಿದು ಏಳು ಮಂದಿ ಸತ್ತರು. ಚಳಿ ವಿಪರೀತವಾಗಿದೆ, ಹಾರಿಸಬೇಡಿ ಎಂದು ತಂತ್ರಜ್ಞರು ಹಿಂದಿನ ರಾತ್ರಿಯೇ ಹೇಳಿದ್ದರು. ವೇಳಾಪಟ್ಟಿಯ ಒತ್ತಡವು ಆ ಮಾತನ್ನು ನುಂಗಿತೆಂದು ತನಿಖೆಯಲ್ಲಿ ಹೊರಬಿದ್ದಿತು. ಭಾರತದಲ್ಲಿ ೨೦೧೮ರ ಆಗಸ್ಟ್ ೧೫ರಂದು ಕೆಂಪುಕೋಟೆಯ ಮೇಲಿಂದ, ೨೦೨೨ರೊಳಗೆ ಭಾರತೀಯನೊಬ್ಬನು ಸ್ವದೇಶದ ಗಗನಯಾನದಲ್ಲಿ ಹೋಗುವನೆಂದು ಘೋಷಿಸಲಾಯಿತು. ಮೊದಲು ಮಂಜೂರಾದುದು ೯,೦೨೩ ಕೋಟಿ. ೨೦೨೨ ಬಂದು ಹೋಯಿತು, ಮನುಷ್ಯನು ಹೋಗಲಿಲ್ಲ. ೨೦೨೪ರ ಸೆಪ್ಟೆಂಬರಿನಲ್ಲಿ ವ್ಯೋಮ ನಿಲ್ದಾಣದ ಮೊದಲ ಘಟಕವನ್ನೂ ಸೇರಿಸಿ ಮೊತ್ತವನ್ನು ೨೦,೧೯೩ ಕೋಟಿಗೆ ಏರಿಸಲಾಯಿತು. ವಿಳಂಬಕ್ಕಾಗಿ ವಿಜ್ಞಾನಿಗಳನ್ನು ದೂರುವುದು ಸಲ್ಲದು. ಮನುಷ್ಯನ ಜೀವವನ್ನು ಹೊರುವ ಯಂತ್ರವನ್ನು ಸಾವಕಾಶವಾಗಿಯೇ ಕಟ್ಟಬೇಕು. ಲೆಕ್ಕ ಕೇಳಬೇಕಾದುದು ಗಡುವನ್ನು ಸಾರಿದವರನ್ನು. ಇಂಥ ಗಡುವಿನ ಬಗ್ಗೆ ಎದ್ದುನಿಂತು ಕೇಳಿದ ಜನಪ್ರತಿನಿಧಿಗಳು ಬೆರಳೆಣಿಕೆಗೂ ಸಿಗರು. ಚಪ್ಪಾಳೆಯಲ್ಲಿ ಎಲ್ಲ ಪಕ್ಷಗಳೂ ಒಂದೇ.

ಇಷ್ಟು ದೂರ ಸುತ್ತಿಬಂದ ಮಾತು ಮತ್ತೆ ಎರೆನಾಡಿಗೆ ಮರಳಬೇಕು. ೨೦೧೯ರ ಆಗಸ್ಟ್ ತಿಂಗಳಲ್ಲಿ ಮಲಪ್ರಭೆಯೂ ಬೆಣ್ಣೆಹಳ್ಳವೂ ಉಕ್ಕಿ ನರಗುಂದ ತಾಲೂಕಿನ ಕೊಣ್ಣೂರು, ರೋಣ ತಾಲೂಕಿನ ಹೊಳೆಆಲೂರು ಮೊದಲಾದ ಊರುಗಳಿಗೆ ನೀರು ನುಗ್ಗಿತು. ಜನರು ಮನೆ ಬಿಟ್ಟು ಗಂಜಿಕೇಂದ್ರಗಳಲ್ಲಿ ಕುಳಿತ ಅದೇ ತಿಂಗಳಲ್ಲಿ ಚಂದ್ರಯಾನ-೨ ಚಂದ್ರನ ಕಕ್ಷೆಯನ್ನು ಸೇರಿತು. ಸೆಪ್ಟೆಂಬರ್ ೭ರ ನಸುಕಿನಲ್ಲಿ ಅದರ ವಿಕ್ರಮ್ ಲ್ಯಾಂಡರ್ ಚಂದ್ರನ ನೆಲಕ್ಕೆ ಬಡಿದು ಹಾಳಾಯಿತು. ವೆಚ್ಚ ೯೭೮ ಕೋಟಿ. ಗೋಡೆ ಕುಸಿದು ಜೋಳದ ಚೀಲ ಕೊಳೆತು ಹೋದವನಿಗೆ ಆ ಮೊತ್ತ ಕೇಳಿ ಸಿಟ್ಟು ಬಂದಿದ್ದರೆ ಆ ಸಿಟ್ಟನ್ನು ಗೌರವಿಸಬೇಕು. ಆದರೆ ಅವನಿಗೆ ಹೇಳಬೇಕಾದ ಇನ್ನೊಂದು ಮಾತಿದೆ. ನೆರೆಯ ದಿನಗಳಲ್ಲಿ ಮೋಡ ಕವಿದಿರುತ್ತದೆ. ಸಾಮಾನ್ಯ ಉಪಗ್ರಹದ ಕಣ್ಣಿಗೆ ಮೋಡದ ಬೆನ್ನಲ್ಲದೆ ಬೇರೇನೂ ಕಾಣದು. ಮೋಡದ ಮರೆಯಲ್ಲಿಯೂ ನೆಲವನ್ನು ನೋಡಬಲ್ಲ ರಾಡಾರ್ ಉಪಗ್ರಹವೊಂದನ್ನು ಹೊತ್ತು ೨೦೨೫ರ ಮೇ ೧೮ರಂದು ಏರಿದ ಪಿಎಸ್‌ಎಲ್‌ವಿ-ಸಿ೬೧ ಮೂರನೆಯ ಹಂತದ ದೋಷದಿಂದ ವಿಫಲವಾಯಿತು. ಅಂದು ನಷ್ಟವಾದುದು ದಿಲ್ಲಿಯ ಪ್ರತಿಷ್ಠೆ ಮಾತ್ರವಲ್ಲ. ಕೊಣ್ಣೂರಿನ ಕಣ್ಣೂ ಹೌದು. ಅಂಥ ಸೋಲಿನ ತನಿಖೆಯ ವರದಿ ಮೊದಲಿನಿಂದ ಕೊನೆಯವರೆಗೆ ಜನರ ಮುಂದೆ ಬರಬೇಕೆಂದು ಪಟ್ಟು ಹಿಡಿಯುವ ಅಧಿಕಾರ, ಬೆಂಗಳೂರಿನ ಪಂಡಿತರಿಗಿಂತ ಹೆಚ್ಚಾಗಿ ಬೆಣ್ಣೆಹಳ್ಳದ ದಂಡೆಯವರಿಗೆ ಇದೆ.

೨೦೨೩ರ ಕಥೆ ಇದಕ್ಕಿಂತಲೂ ಗಂಭೀರವಾದುದು. ಆ ವರುಷದ ಆಗಸ್ಟ್ ೨೩ರ ಸಂಜೆ ಚಂದ್ರಯಾನ-೩ ಚಂದ್ರನ ದಕ್ಷಿಣ ಧ್ರುವದ ಬಳಿ ಸುಸೂತ್ರವಾಗಿ ಇಳಿಯಿತು. ಅದನ್ನು ನಡೆಸಿದ ಕೇಂದ್ರವಿರುವುದು ಪೀಣ್ಯದಲ್ಲಿಯೇ. ಆರ್ಯಭಟವು ಹುಟ್ಟಿದ ನೆರೆಯಲ್ಲಿ. ಶಾಲೆಶಾಲೆಗಳಲ್ಲಿ ಮಕ್ಕಳು ಕುಣಿದರು, ಕುಣಿಯಬೇಕಾದುದೇ. ಆದರೆ ೧೯೦೧ರಿಂದೀಚೆಗೆ ದೇಶವು ಕಂಡ ಆಗಸ್ಟುಗಳಲ್ಲೆಲ್ಲ ಅತ್ಯಂತ ಒಣ ಆಗಸ್ಟ್ ಅದೇ. ಆಶ್ಲೇಷೆ ಮಘೆಗಳು ಕೈಕೊಟ್ಟವು. ಕರ್ನಾಟಕದ ೨೩೬ ತಾಲೂಕುಗಳಲ್ಲಿ ೨೨೩ ತಾಲೂಕುಗಳನ್ನು ಬರಪೀಡಿತವೆಂದು ಸರಕಾರ ಹಂತಹಂತವಾಗಿ ಸಾರಿತು. ಗದಗ ಜಿಲ್ಲೆಯೂ ಅದಕ್ಕೆ ಹೊರತಾಗಲಿಲ್ಲ.

ಇಲ್ಲಿ ಓದುಗರು ಒಂದು ಸಂಗತಿಯನ್ನು ಲಕ್ಷ್ಯವಿಟ್ಟು ತಿಳಿಯಬೇಕು. ಬರವನ್ನು ಸಾರುವ ಕ್ರಮ ಈಗ ಹಳೆಯ ಆಣೆವಾರಿಯ ಕ್ರಮವಲ್ಲ. ಕೇಂದ್ರ ಸರಕಾರದ ೨೦೧೬ರ ಬರ ಕೈಪಿಡಿಯಂತೆ, ಮಳೆಯ ಕೊರತೆಯ ಜೊತೆಗೆ ಬಿತ್ತನೆಯ ಕ್ಷೇತ್ರ, ಮಣ್ಣಿನ ತೇವ, ಕೆರೆ ಬಾವಿಗಳ ನೀರು, ಉಪಗ್ರಹಕ್ಕೆ ಕಂಡ ಹಸುರಿನ ಪ್ರಮಾಣ ಇವುಗಳನ್ನು ನೋಡಿ ತಾಲೂಕಿನ ಬರವು ತೀವ್ರವೇ ಸಾಧಾರಣವೇ ಎಂದು ನಿರ್ಣಯಿಸುತ್ತಾರೆ. ಎಂದರೆ, ಏತಕ್ಕೆ ಬೇಕೆಂದು ಊರ ಕಟ್ಟೆಯ ಮೇಲೆ ಕೇಳಿದ ಆ ಉಪಗ್ರಹವೇ ಇಂದು ರೈತನಿಗೂ ಸರಕಾರಕ್ಕೂ ನಡುವೆ ಸಾಕ್ಷಿಯಾಗಿ ನಿಂತಿದೆ. ಸಾಕ್ಷಿ ಸುಳ್ಳು ಹೇಳದೆ ಇರಬಹುದು; ಆದರೆ ಕಂಡುದಕ್ಕೆ ಅರ್ಥ ಹಚ್ಚುವವನು ತಪ್ಪಬಹುದು. ಮುಂಗಾರಿನ ಎರಡು ಹನಿ ಬಿದ್ದು ಹೆಸರಿನ ಗಿಡ ಹಸುರಾಗಿ ನಿಂತಿರುತ್ತದೆ, ಕಾಯಿ ಕಟ್ಟಿರುವುದಿಲ್ಲ. ಹಳ್ಳದ ದಂಡೆಯಲ್ಲಿ ಜಾಲಿಯ ಮುಳ್ಳುಕಂಟಿ ಬರಗಾಲದಲ್ಲಿಯೂ ಹಸುರು. ಮೇಲಿನಿಂದ ನೋಡಿದರೆ ಎಲ್ಲವೂ ಒಂದೇ ಬಣ್ಣ. ಇದನ್ನೇ ೨೦೨೩ರಲ್ಲಿ ರಾಜ್ಯವು 'ಹಸುರು ಬರ'ವೆಂದು ಕರೆದು ಕೇಂದ್ರದ ಮುಂದೆ ಇಟ್ಟಿತು. ರಾಜ್ಯ ಕೇಳಿದ ಪರಿಹಾರ ೧೮,೧೭೧ ಕೋಟಿ. ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ಬಳಿಕ ೨೦೨೪ರ ಏಪ್ರಿಲ್ ಕೊನೆಗೆ ಬಂದುದು ೩,೪೫೪ ಕೋಟಿ. ಇವರಷ್ಟು ಕೇಳಿದುದು ಸರಿಯೇ, ಅವರಿಷ್ಟು ಕೊಟ್ಟುದು ಸರಿಯೇ ಎಂಬ ಜಗಳದಲ್ಲಿ ಎರಡೂ ಸರಕಾರಗಳ ಕಡೆಯವರು ಗಂಟಲು ಹರಿದುಕೊಂಡರು. ಹೊಲದವನ ಮಾತು ನಡುವೆ ಎಲ್ಲಿಯೋ ಸಿಕ್ಕಿಹೋಯಿತು.

ಚಂದ್ರನ ಮೇಲಿನ ಕಲ್ಲಿನ ಚಿತ್ರವನ್ನು ದೇಶದ ಪ್ರತಿಯೊಬ್ಬ ಮಗುವೂ ನೋಡಿದೆ. ಗಜೇಂದ್ರಗಡದ ಹೊಲವೊಂದನ್ನು ಅದೇ ಸಂಸ್ಥೆಯ ಉಪಗ್ರಹವು ಆ ಆಗಸ್ಟಿನಲ್ಲಿ ಹೇಗೆ ಕಂಡಿತೆಂಬ ಚಿತ್ರವನ್ನು ಆ ಹೊಲದ ಒಡೆಯನು ನೋಡಿದ್ದಾನೆಯೇ? ಅವನ ಪಂಚಾಯಿತಿಯ ಗೋಡೆಯ ಮೇಲೆ ಅದನ್ನು ಯಾರಾದರೂ ಅಂಟಿಸಿದ್ದಾರೆಯೇ? ಕನ್ನಡದಲ್ಲಿ, ಎಕರೆ ಗುಂಟೆಗಳ ಲೆಕ್ಕದಲ್ಲಿ, ಇದು ಹೆಸರು ಇದು ಜಾಲಿ ಎಂದು ಬಿಡಿಸಿ ಹೇಳಿದ್ದಾರೆಯೇ? ಕೈಪಿಡಿಯಲ್ಲಿ ಇದಕ್ಕೆ ಒಂದು ಬಾಗಿಲು ತೆರೆದೇ ಇದೆ. ಉಪಗ್ರಹ ಹೇಳಿದುದನ್ನು ತಾಳೆ ನೋಡಲು ಬಾಧಿತ ಹಳ್ಳಿಗಳಲ್ಲಿ ನೂರಕ್ಕೆ ಹತ್ತನ್ನು ಆಯ್ದು, ಅಧಿಕಾರಿಗಳು ಹೊಲಕ್ಕೆ ಇಳಿದು ಬೆಳೆಯನ್ನು ಕಣ್ಣಾರೆ ನೋಡಬೇಕೆಂಬ ನಿಯಮವದು. ಕೈಯಲ್ಲಿ ಮೊಬೈಲ್ ಹಿಡಿದು ಬದುವಿನ ಮೇಲೆ ನಿಂತ ಆ ಅಧಿಕಾರಿಯನ್ನು, 'ಸಾಹೇಬರೆ, ಮೇಲಿಂದ ನನ್ನ ಹೊಲ ಹೇಗೆ ಕಂಡಿದೆ, ತೋರಿಸಿರಿ' ಎಂದು ಕೇಳುವ ರೈತನು ನೂರು ರೂಪಾಯಿಗೆ ೨೬ ಪೈಸೆಯನ್ನು ಆಗಲೇ ಕೊಟ್ಟಿದ್ದಾನೆ. ತೋರಿಸುವುದು ಸಾಹೇಬರ ಕೆಲಸ. ಒಂದು ಗಿಡವನ್ನು ಕಿತ್ತು, ಕಾಯಿಲ್ಲದ ಹೆಸರನ್ನು ಅವರ ಅಂಗೈಯಲ್ಲಿಟ್ಟು, 'ಇದನ್ನೂ ಬರೆದುಕೊಳ್ಳಿರಿ' ಎನ್ನುವುದು ಅವನ ಕೆಲಸ.